ಮಾಡು ಬಿಚ್ಚುವ ಮುನ್ನ

ವೈಶಾಖದ ಬಿಸಿಲು ಏರಿ, ಮೊದಲ ಮಳೆಗೆ ಇನ್ನೂ ಮೂರು ನಾಲ್ಕು ವಾರಗಳಿರುವಾಗ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಹೆಂಚಿನ ಮನೆಯ ಯಜಮಾನನಾದವನು ಒಮ್ಮೆಯಾದರೂ ಅಂಗಳದಲ್ಲಿ ನಿಂತು ಕತ್ತೆತ್ತಿ ತನ್ನ ಮಾಡನ್ನು ನೋಡುತ್ತಾನೆ. ಮಂಗ ಹಾರಿ ಒಡೆದ ಹೆಂಚೆಷ್ಟು, ಗೆದ್ದಲು ಹಿಡಿದ ರೀಪೆಷ್ಟು, ಕಳೆದ ಶ್ರಾವಣದಲ್ಲಿ ದೇವರ ಕೋಣೆಯೊಳಗೆ ತೊಟ್ಟಿಕ್ಕಿದ ಜಾಗ ಯಾವುದು ಎಂಬ ಲೆಕ್ಕ ನಡೆಯುತ್ತದೆ. ಬಳಿಕ ಹೆಂಚು ಕೈಯಾಡಿಸುವವರು ಬರುತ್ತಾರೆ. ಅವರಲ್ಲಿ ಬಲ್ಲವನಾದವನು ಇಡೀ ಮಾಡನ್ನು ಒಮ್ಮೆಗೇ ಬಿಚ್ಚುವವನಲ್ಲ. ಒಂದು ಅಂಕಣದ ಹೆಂಚನ್ನು ಇಳಿಸಿ, ಕೆಳಗಿನ ಪಕಾಸಿಯನ್ನು ತಟ್ಟಿ ನೋಡಿ, ಮತ್ತೆ ಹೊದಿಸಿದ ಮೇಲೆಯೇ ಮುಂದಿನ ಅಂಕಣಕ್ಕೆ ಕೈ ಹಾಕುತ್ತಾನೆ. ಕೆಳಗೆ ಕಣಜದಲ್ಲಿ ಭತ್ತವಿದೆ, ಅಟ್ಟದ ಮೇಲೆ ಅಡಿಕೆಯಿದೆ, ತೊಟ್ಟಿಲಲ್ಲಿ ಮಗುವಿದೆ ಎಂಬುದು ಅವನಿಗೆ ನೆನಪಿರುತ್ತದೆ.

ಇಂಥ ಮನೆಗಳಲ್ಲಿ ಹಲವಕ್ಕೆ ಈಗ ಎರಡನೆಯದೊಂದು ಮಾಡು ಬಂದಿದೆ. ಅದು ಅಂಗಳದಿಂದ ಕಾಣುವುದಿಲ್ಲ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಕುಳಿತ ಯಾರದೋ ಕೈಯ ಮೊಬೈಲಿನಲ್ಲಿ ಕಾಣುತ್ತದೆ. ಜೋಗಕ್ಕೆ ಹೋಗುವ ದಾರಿಯಲ್ಲಿ ಎರಡು ಕೋಣೆಗಳನ್ನು ಅತಿಥಿಗಳಿಗೆಂದು ಸುಣ್ಣ ಬಳಿದು ಸಿದ್ಧಪಡಿಸಿದ ಮನೆ, ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಭರಣಿಯಿಂದ ಬಾಟಲಿಗೆ ಇಳಿಸಿ ಅಂಚೆಯಲ್ಲಿ ಕಳುಹಿಸುವ ಮನೆ, ಜೇನು, ಜೋನಿಬೆಲ್ಲ, ಮುರುಗಲು, ಹಾಳೆತಟ್ಟೆಗಳ ವ್ಯಾಪಾರ, ಸಾಗರದ ಗುಡಿಗಾರರ ಕೆತ್ತನೆಯ ಕೆಲಸ, ಇವುಗಳಲ್ಲಿ ಎಷ್ಟೋ ಇಂದು ಒಂದೊಂದು ವೆಬ್‌ಸೈಟಿನ ಆಶ್ರಯದಲ್ಲಿ ನಡೆಯುತ್ತವೆ. ಆ ವೆಬ್‌ಸೈಟನ್ನು ಕಟ್ಟಿಕೊಟ್ಟವನು ಸಾಮಾನ್ಯವಾಗಿ ಅಣ್ಣನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾಗ ದಸರಾ ರಜೆಯ ನಾಲ್ಕು ದಿನಗಳಲ್ಲಿ ಕಟ್ಟಿ ಮುಗಿಸಿದ್ದು. ಈಗ ಅವನಿಗೆ ಉದ್ಯೋಗ, ಸಂಸಾರ, ಅಮೆರಿಕ. ಈ ಪತ್ರಿಕೆಯ ವಾಚಕರಲ್ಲಿ ಆ ಅಣ್ಣನ ಮಗನೂ ಒಬ್ಬನಿರಬಹುದು. ಇದ್ದರೆ ಒಳ್ಳೆಯದೇ ಆಯಿತು.

ಇಂಥ ತಾಣಗಳಲ್ಲಿ ಬಹುಪಾಲು ವರ್ಡ್‌ಪ್ರೆಸ್ ಎಂಬ ವ್ಯವಸ್ಥೆಯ ಮೇಲೆ ನಿಂತಿವೆ. 2003ರ ಮೇ ತಿಂಗಳಲ್ಲಿ ಹೊರಬಂದ, ಹಣ ಕೊಡದೆ ಯಾರು ಬೇಕಾದರೂ ಬಳಸಬಹುದಾದ ಈ ತಂತ್ರಾಂಶ ಲೋಕದ ಸಣ್ಣ ಅಂಗಡಿಗಳ ಪಾಲಿಗೆ ಒಂದು ವರವಾಯಿತೆಂದರೆ ಅತಿಶಯೋಕ್ತಿಯಲ್ಲ. ಇದರಲ್ಲಿ ಬರಹ, ಬೆಲೆಪಟ್ಟಿ, ಗಿರಾಕಿಗಳ ಬೇಡಿಕೆಗಳು ಎಲ್ಲವೂ ಡೇಟಾಬೇಸ್ ಎಂಬ ಕಣಜದಲ್ಲಿ ಇರುತ್ತವೆ. ಚಿತ್ರಗಳು ಬೇರೊಂದು ಕಡತದ ಕೋಣೆಯಲ್ಲಿ. ಅದೆಲ್ಲಕ್ಕೂ ರೂಪ ಕೊಡುವುದು, ಎಂದರೆ ತಲೆಬರಹ ಎಷ್ಟು ದಪ್ಪ, ಚಿತ್ರ ಎಲ್ಲಿ, ಬಣ್ಣ ಯಾವುದು ಎಂಬುದನ್ನು ನಿರ್ಣಯಿಸುವುದು, ಥೀಮ್ ಎಂಬ ಹೊದಿಕೆ. ಹೊದಿಕೆಯನ್ನು ಬದಲಿಸಿದರೆ ಕಣಜದ ಭತ್ತ ಕರಗುವುದಿಲ್ಲ. ಆದರೆ ಮಳೆಯ ನಡುವೆ ಬದಲಿಸಿದರೆ ನೆನೆಯುತ್ತದೆ.

ಹಾಗಾದರೆ ಅದನ್ನು ಮುಟ್ಟದೆ ಬಿಟ್ಟರಾಗದೆ? ಬಹಳ ಮಂದಿ ಹಾಗೆಯೇ ಬಿಟ್ಟಿರುತ್ತಾರೆ. ನಿರ್ವಹಣೆಯ ಪುಟದಲ್ಲಿ ಕೆಂಪು ವೃತ್ತದೊಳಗೆ ಒಂದು ಅಂಕೆ ಕಾಣಿಸಿಕೊಂಡು, ಮೂರು ಹೋಗಿ ಏಳಾಗಿ, ಏಳು ಹೋಗಿ ಹತ್ತೊಂಬತ್ತಾಗಿ ಬೆಳೆಯುತ್ತದೆ. ನಡೆಯುತ್ತಿರುವ ಗಾಡಿಯ ಕೀಲಿಗೆ ಕೈ ಹಾಕಬಾರದೆಂಬ ಹಿರಿಯರ ಮಾತನ್ನು ಮನೆಯವರು ನೆನೆಯುತ್ತಾರೆ. ಆ ಮಾತು ಗಾಡಿಗೆ ಸರಿ. ಇಲ್ಲಿಯಾದರೋ ಮಾಡು ಸುಮ್ಮನಿದ್ದರೂ ಅದರ ಕೆಳಗಿನ ನೆಲ ಸುಮ್ಮನಿರುವುದಿಲ್ಲ. 2020ರ ಆಗಸ್ಟ್ 11ರಂದು ವರ್ಡ್‌ಪ್ರೆಸ್ಸಿನ 5.5ನೆಯ ಆವೃತ್ತಿ ಬಂದಾಗ, ಜೆಕ್ವೆರಿ ಮೈಗ್ರೇಟ್ ಎಂಬ ಒಂದು ಸಣ್ಣ ಊರುಗೋಲನ್ನು ಅದರಿಂದ ತೆಗೆದುಹಾಕಲಾಯಿತು. ಹಳೆಯ ಥೀಮುಗಳು ತಮಗರಿಯದಂತೆಯೇ ಆ ಊರುಗೋಲಿನ ಮೇಲೆ ನಿಂತಿದ್ದವು. ಲೋಕದಾದ್ಯಂತ ಎಷ್ಟೋ ತಾಣಗಳಲ್ಲಿ ಒಂದಾದ ಮೇಲೊಂದು ಸರಿಯುತ್ತಿದ್ದ ಚಿತ್ರಗಳು ನಿಂತವು, ಒತ್ತಿದ ಗುಂಡಿಗಳು ಅಲುಗಲಿಲ್ಲ. ಕೋವಿಡ್‌ನಿಂದಾಗಿ ಅಂಗಡಿಯ ಬಾಗಿಲು ತೆರೆಯಲಾಗದೆ ಜನ ವೆಬ್‌ಸೈಟಿನ ಬಾಗಿಲನ್ನೇ ನಂಬಿದ್ದ ವರ್ಷವದು! ಊರುಗೋಲನ್ನು ಮರಳಿ ಕೊಡುವ ಒಂದು ಪ್ಲಗಿನ್ನನ್ನು ವರ್ಡ್‌ಪ್ರೆಸ್ಸಿನವರೇ ಒದಗಿಸಬೇಕಾಯಿತು. ಇನ್ನು ಈ ಎಲ್ಲದರ ಅಡಿಪಾಯವಾದ ಪಿಎಚ್‌ಪಿ ಎಂಬ ಭಾಷೆಯ 7.4ನೆಯ ಆವೃತ್ತಿಗೆ 2022ರ ನವೆಂಬರಿನಲ್ಲಿ ರಕ್ಷಣೆ ನಿಂತುಹೋಯಿತು. ಅದರಿಂದ ಎಂಟನೆಯದಕ್ಕೆ ಏರಿದಾಗ, ವರ್ಷಗಟ್ಟಲೆ ಕೈಯಾಡಿಸದೆ ಬಿಟ್ಟ ಥೀಮುಗಳಲ್ಲಿ ಕೆಲವು ಒಂದು ಅಕ್ಷರವನ್ನೂ ತೋರದೆ ಬಿಳಿಯ ಹಾಳೆಯಂತೆ ಬಾಯಿ ಮುಚ್ಚಿದವು. ಕಳ್ಳರ ವಿಷಯವನ್ನಂತೂ ಹೇಳುವುದೇ ಬೇಡ. ಹಳೆಯ ಥೀಮಿನ ಬಿರುಕು ಯಾವುದೆಂಬುದನ್ನು ದುರಸ್ತಿಯ ಪ್ರಕಟಣೆಯೇ ಸಾರುತ್ತದೆ, ಸಾರಿದ ಮೇಲೆ ಮುಚ್ಚದವನ ಮನೆಯನ್ನು ಹುಡುಕಿಕೊಂಡು ಬರುವವರಿದ್ದಾರೆ.

ಆದ್ದರಿಂದ ಬದಲಿಸಬೇಕಾದುದು ನಿಶ್ಚಯ. ಪ್ರಶ್ನೆಯೆಲ್ಲ, ಬದಲಿಸಿದ್ದು ಕೆಟ್ಟರೆ ನಿನ್ನೆಯ ಮನೆಗೆ ಹಿಂದಿರುಗುವ ದಾರಿಯಿದೆಯೆ ಎಂಬುದು. ಇದೊಂದಿದ್ದರೆ ಅಂಜಿಕೆಯ ಮುಕ್ಕಾಲು ಪಾಲು ಕಳೆಯಿತು.

ದಾರಿಯ ಮೊದಲ ಹೆಜ್ಜೆ ಪ್ರತಿ ತೆಗೆದಿಡುವುದು. ಪ್ರತಿಯೆಂದರೆ ಎರಡು: ಡೇಟಾಬೇಸಿನದೊಂದು, ಕಡತಗಳದೊಂದು. ಕಡತಗಳನ್ನು ಮಾತ್ರ ತೆಗೆದಿಟ್ಟು ನೆಮ್ಮದಿಯಾಗಿ ಮಲಗುವವರುಂಟು. ಅವರಲ್ಲಿ ಉಳಿಯುವುದು ಬರಹವಿಲ್ಲದ ಚಿತ್ರಗಳು. ತೆಗೆದ ಪ್ರತಿಯನ್ನು ವೆಬ್‌ಸೈಟ್ ಇರುವ ಸರ್ವರಿನಲ್ಲೇ ಬಿಡುವುದು, ಕೊಟ್ಟಿಗೆಗೆ ಬೆಂಕಿ ಬಿದ್ದರೆ ಬೇಕಾದೀತೆಂದು ಏಣಿಯನ್ನು ಕೊಟ್ಟಿಗೆಯೊಳಗೇ ಇಟ್ಟಂತೆ. ಮನೆಯ ಕಂಪ್ಯೂಟರಿನಲ್ಲಿ ಒಂದು, ಬೇರೆಲ್ಲಿಯಾದರೂ ಒಂದು ಇರಲಿ. ಅದಕ್ಕಿಂತ ಮುಖ್ಯವಾದುದು, ತೆಗೆದಿಟ್ಟ ಪ್ರತಿಯನ್ನು ಒಮ್ಮೆ ಮರಳಿ ಹೂಡಿ ನೋಡುವುದು. ಎಷ್ಟೋ ಮನೆಗಳಲ್ಲಿ ಬ್ಯಾಕಪ್ ಎಂಬುದು ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೈ ಯಾರಲ್ಲಿದೆಯೆಂದು ಪೆಟ್ಟಿಗೆ ಬೇಕಾದ ದಿನವೇ ವಿಚಾರಣೆ.

ಬೀಗದ ಕೈಯ ಮಾತು ಬಂದುದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. 2019ರ ಮೇ ತಿಂಗಳ 5.2ನೆಯ ಆವೃತ್ತಿಯಿಂದೀಚೆಗೆ ವರ್ಡ್‌ಪ್ರೆಸ್ಸಿಗೆ ಒಂದು ಸದ್ಬುದ್ಧಿ ಬಂದಿದೆ. ಥೀಮೋ ಪ್ಲಗಿನ್ನೋ ಕೆಟ್ಟು ತಾಣ ನಿಂತುಹೋದರೆ, ಯಜಮಾನನ ಇಮೇಲ್ ವಿಳಾಸಕ್ಕೆ ಅದು ತಾನಾಗಿಯೇ ಒಂದು ಪತ್ರ ಬರೆದು, ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಸರಿಪಡಿಸಲು ದಾರಿ ಕೊಡುತ್ತದೆ. ಬಹಳ ಒಳ್ಳೆಯ ಏರ್ಪಾಡು. ಆದರೆ ಆ ವಿಳಾಸ ಯಾರದು? ನೋಡಿದರೆ ಅಣ್ಣನ ಮಗನ ಕಾಲೇಜು ದಿನಗಳದ್ದಾಗಿರುತ್ತದೆ. ಪತ್ರ ಬಂದಿದೆ, ಓದುವವನಿಲ್ಲ. ಹಾಗೆಯೇ ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ವರ್ಷದ ಹಣ ಯಾರ ಕಾರ್ಡಿನಿಂದ ಹೋಗುತ್ತದೆ, ಗುಪ್ತಪದ ಎಲ್ಲಿದೆ ಎಂಬುದನ್ನು ಅಡಿಕೆ ಮಂಡಿಯ ಲೆಕ್ಕದ ಪುಸ್ತಕದಷ್ಟೇ ಜೋಪಾನವಾಗಿ ಮನೆಯಲ್ಲಿ ಒಬ್ಬರು ಬರೆದಿಟ್ಟುಕೊಳ್ಳಬೇಕು. ಹೊದಿಕೆ ಬದಲಿಸುವ ಮಾತು ಆಮೇಲಿನದು.

ಎರಡನೆಯ ಹೆಜ್ಜೆ ತಾಲೀಮು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ಮಿನ ನಾಟಕಗಳನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸಭಿಕರ ಎದುರಿಗೆ ಮೊದಲ ಬಾರಿಗೆ ವೇಷ ತೊಟ್ಟು ನೋಡುವ ನಟನಿಲ್ಲ. ವೆಬ್‌ಸೈಟಿಗೂ ಅಂಥದೊಂದು ತಾಲೀಮಿನ ಮನೆಯುಂಟು, ಸ್ಟೇಜಿಂಗ್ ಎನ್ನುತ್ತಾರೆ. ತಾಣದ ಪೂರ್ಣ ಪ್ರತಿಯೊಂದನ್ನು ಗಿರಾಕಿಗಳಿಗೆ ಕಾಣದ ಬೇರೊಂದು ವಿಳಾಸದಲ್ಲಿ ನಿಲ್ಲಿಸಿ, ಹೊಸ ಥೀಮನ್ನು ಅದಕ್ಕೆ ಮೊದಲು ತೊಡಿಸುವುದು. ಈ ಸೌಕರ್ಯವನ್ನು ಅನೇಕ ಹೋಸ್ಟಿಂಗ್ ಕಂಪನಿಗಳು ಒಂದು ಗುಂಡಿಯಲ್ಲಿಯೇ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕೊಡದಿದ್ದರೆ ಮನೆಯ ಕಂಪ್ಯೂಟರಿನಲ್ಲಿಯೇ ಪ್ರತಿಯನ್ನು ನಡೆಸಿ ನೋಡಬಹುದು. ಪ್ರತಿಯನ್ನು ಗೂಗಲ್ ಹುಡುಕದಂತೆ ಮರೆಮಾಡಲು ಮರೆಯಬಾರದು. ಇಲ್ಲವಾದರೆ ಒಂದೇ ಅಂಗಡಿಗೆ ಎರಡು ಬಾಗಿಲಾಗಿ ಗಿರಾಕಿ ತಪ್ಪು ಬಾಗಿಲನ್ನು ತಟ್ಟುತ್ತಾನೆ.

ಥೀಮಿನ ಹೊಸ ಆವೃತ್ತಿ ಬಂದಾಗ ಹಳೆಯ ಥೀಮಿನ ಕಡತಗಳನ್ನು ಅದು ಒಂದೂ ಬಿಡದೆ ತೆಗೆದು ತನ್ನವನ್ನು ಇಡುತ್ತದೆ. ನಡುವೆ ಯಾರಾದರೂ ಪುಣ್ಯಾತ್ಮರು ಥೀಮಿನ ಕಡತವನ್ನೇ ತಿದ್ದಿ, ಅಡಿಯಲ್ಲಿ ಊರಿಗೆ ಬರುವ ಬಸ್ಸಿನ ವೇಳೆಯನ್ನೋ ಮನೆಯ ದೂರವಾಣಿ ಸಂಖ್ಯೆಯನ್ನೋ ಬರೆದಿದ್ದರೆ, ಅದು ಹೇಳದೆ ಕೇಳದೆ ಹೋಯಿತು. ಇದಕ್ಕೆ ಪರಿಹಾರವೆಂದರೆ ಚೈಲ್ಡ್ ಥೀಮ್, ಮರಿ ಥೀಮ್ ಎನ್ನೋಣವೆ? ಮೂಲ ಥೀಮಿನ ಪಕ್ಕದಲ್ಲಿ ಒಂದು ಸಣ್ಣ ಕಡತದ ಕೋಣೆ. ತಾಯಿ ಯಾರೆಂದು ಅದರಲ್ಲಿ ಒಂದು ಸಾಲು. ಮನೆಯವರ ತಿದ್ದುಪಡಿಗಳೆಲ್ಲ ಅದರೊಳಗೆ. ತಾಯಿ ಹೊಸದಾದರೂ ಮರಿಯ ಕೊರಳಿನ ಗಂಟೆ ಹಾಗೆಯೇ ಇರುತ್ತದೆ. ಬಣ್ಣ, ಅಕ್ಷರದ ಅಳತೆ ಇವಿಷ್ಟನ್ನೇ ಬದಲಿಸುವುದಾದರೆ ಮರಿಯೂ ಬೇಡ. ಹೆಚ್ಚುವರಿ ಸಿಎಸ್‌ಎಸ್ ಎಂಬ ಪೆಟ್ಟಿಗೆಯಲ್ಲಿ ಬರೆದುದು ಡೇಟಾಬೇಸಿನಲ್ಲಿ ಉಳಿಯುವುದರಿಂದ ಹೊಸ ಆವೃತ್ತಿ ಅದನ್ನು ಅಳಿಸುವುದಿಲ್ಲ.

ಇಷ್ಟು ಇಂಗ್ಲಿಷಿನ ಕೈಪಿಡಿಗಳಲ್ಲಿಯೂ ಸಿಕ್ಕುತ್ತದೆ. ಅವುಗಳಲ್ಲಿ ಸಿಕ್ಕದಿರುವುದು ಒತ್ತಕ್ಷರದ ವಿಷಯ.

ಥೀಮುಗಳಲ್ಲಿ ಬಹುಪಾಲನ್ನು ರೂಪಿಸುವವರು ತಮ್ಮ ಅಕ್ಷರಗಳನ್ನು ಒಂದೇ ಗೆರೆಯ ಮೇಲೆ ಕೂರಿಸಿ ಬರೆಯುವ ಜನ. ಗೆರೆಯ ಕೆಳಗೆ ಅವರಿಗೆ ಇಳಿಯುವುದು ಒಂದೆರಡು ಬಾಲಗಳು ಮಾತ್ರ. ಕನ್ನಡವಾದರೋ ತನ್ನ ಅರ್ಧ ಸಂಸಾರವನ್ನು ಗೆರೆಯ ಕೆಳಗೆ ಇಟ್ಟುಕೊಂಡಿದೆ. ತಲೆಬರಹದ ಸಾಲುಗಳನ್ನು ಅಂದಕ್ಕಾಗಿ ಒತ್ತೊತ್ತಾಗಿ ಇಟ್ಟು, ಹೊರಚಾಚಿದುದನ್ನು ಕತ್ತರಿಸುವಂತೆ ಥೀಮಿಗೆ ಆಜ್ಞೆಯಿದ್ದರೆ, ಒತ್ತುಗಳು ಮಾಯವಾಗುತ್ತವೆ. ಆಗ ‘ಅಪ್ಪೆ’ ಹೋಗಿ ‘ಅಪೆ’ ಆಗುತ್ತದೆ, ‘ತೀರ್ಥಹಳ್ಳಿ’ಯ ಹಳ್ಳಿ ರೈಲಿನ ‘ಹಳಿ’ಯಾಗುತ್ತದೆ, ‘ಅಮ್ಮನ ಕೈರುಚಿ’ ಎಂದು ಹೆಮ್ಮೆಯಿಂದ ಬರೆಸಿದ ಫಲಕದಲ್ಲಿ ಅಮ್ಮನೇ ಅರ್ಧವಾಗುತ್ತಾಳೆ. ಅಪ್ಪೆಮಿಡಿಯ ಮನೆಗಳಲ್ಲಿ ಮಾಳಂಜಿ, ಅನಂತಭಟ್ಟನ ಅಪ್ಪೆ ಎಂದು ಮರಮರಕ್ಕೂ ಹೆಸರುಂಟು. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗದಂತೆ, ತೊಟ್ಟು ಮುರಿದು ಸೊನೆ ಹರಿಯದಂತೆ ಕೊಯ್ದು ಇಳಿಸಿದ ಆ ಮಿಡಿಯ ಹೆಸರು ಪರದೆಯ ಮೇಲೆ ಒತ್ತು ಕಳೆದುಕೊಂಡು ಬಿದ್ದಿರುವುದನ್ನು ಕಂಡ ಗೃಹಿಣಿಯ ಮುಖವನ್ನು ಊಹಿಸಿಕೊಳ್ಳಬಹುದು. ಸಾಲಿನ ಎತ್ತರವನ್ನು ಸ್ವಲ್ಪ ಹೆಚ್ಚಿಸಿದರೆ ಸರಿಯಾಗುವ ದೋಷವಿದು. ಆದರೆ ಕನ್ನಡ ಬಲ್ಲವರು ಕಣ್ಣಿಟ್ಟು ಓದಿದಲ್ಲದೆ ಕಾಣುವ ದೋಷವಲ್ಲ. ಎಷ್ಟೇ ಜಾಣ ಯಂತ್ರವಾದರೂ ಪುಟ ‘ಸರಿಯಾಗಿದೆ’ ಎಂದೇ ವರದಿ ಕೊಡುತ್ತದೆ.

ಹೊಸ ಥೀಮಿನೊಡನೆ ಬರುವ ಅಂದದ ಫಾಂಟಿನಲ್ಲಿ ಕನ್ನಡದ ಅಕ್ಷರಗಳೇ ಇಲ್ಲದಿರುವುದು ಇನ್ನೊಂದು ತೊಡಕು. ಆಗ ಕನ್ನಡವನ್ನು ಆಯಾ ಮೊಬೈಲು ತನ್ನಲ್ಲಿರುವ ಅಕ್ಷರದಲ್ಲಿ ತೋರಿಸುತ್ತದೆ. ಒಬ್ಬರ ಕೈಯಲ್ಲಿ ತೆಳ್ಳಗೆ, ಇನ್ನೊಬ್ಬರ ಕೈಯಲ್ಲಿ ದಪ್ಪಗೆ. ನೋಟೋ ಕನ್ನಡದಂಥ ಮುಕ್ತ ಫಾಂಟೊಂದನ್ನು ಮರಿ ಥೀಮಿನಲ್ಲಿ ಹೆಸರಿಸಿಟ್ಟರೆ ಎಲ್ಲೆಲ್ಲಿಯೂ ಒಂದೇ ಮುಖ. ತೀರ ಹಳೆಯ ತಾಣಗಳ ಪಾಡು ಇದಕ್ಕಿಂತ ಕಷ್ಟದ್ದು. ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದ ಪುಟಗಳ ಒಡಲಿನಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ಮುಖವಾಡ. ಥೀಮ್ ಬದಲಾಗಿ ಆ ಫಾಂಟಿನ ಹೆಸರು ತಪ್ಪಿಹೋದ ಕ್ಷಣದಲ್ಲಿ ಮುಖವಾಡ ಕಳಚಿ, ಅಜ್ಜ ಬರೆದಿಟ್ಟಿದ್ದ ಮನೆತನದ ಕಥೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ನಿಲ್ಲುತ್ತದೆ. ಅಂಥ ಬರಹವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಓದಿ ತಿದ್ದಿ, ಆಮೇಲೆ ಹೊದಿಕೆಯನ್ನು ಮುಟ್ಟುವುದು ಕ್ರಮ. ಪರಿವರ್ತಿಸುವ ಸಾಧನಗಳಿವೆ, ಓದಿ ತಿದ್ದುವ ತಾಳ್ಮೆ ಮನೆಯಲ್ಲಿ ಹುಡುಕಬೇಕು.

ಯಾವಾಗ ಮಾಡಬೇಕೆಂಬುದಕ್ಕೆ ಪಂಚಾಂಗ ಬೇಡ, ವ್ಯಾಪಾರದ ಋತುಮಾನ ತಿಳಿದಿದ್ದರೆ ಸಾಕು. ಜೋಗದಲ್ಲಿ ನೀರು ತುಂಬಿದ ಮಳೆಗಾಲದ ಶನಿವಾರ ಭಾನುವಾರಗಳು ಅತಿಥಿಗೃಹಗಳಿಗೆ ಸುಗ್ಗಿ. ಎಳ್ಳಮಾವಾಸ್ಯೆಯ ಜಾತ್ರೆಗೆ ತುಂಗೆಯ ದಡಕ್ಕೆ ಜನ ಸೇರುವಾಗ ತೀರ್ಥಹಳ್ಳಿಯಲ್ಲಿ ಕೋಣೆ ಹುಡುಕುವವರು ಹೆಚ್ಚು. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯಲ್ಲಿ ಸಾಗರದ ಕಥೆಯೂ ಅದೇ. ಮಿಡಿಯ ಕಾಲದಲ್ಲಿ ಉಪ್ಪಿನಕಾಯಿಯ ಮನೆಗೆ ಪುರುಸೊತ್ತಿಲ್ಲ. ಈ ದಿನಗಳನ್ನು ಬಿಟ್ಟು, ವಾರದ ನಡುವೆ, ವಿದ್ಯುತ್ತೂ ಸಿಗ್ನಲ್ಲೂ ನಂಬಿಕೆಗೆ ಅರ್ಹವಾಗಿರುವ ಒಂದು ಬೆಳಗ್ಗೆ ಮಾಡುವುದು ಲೇಸು. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿಯುವ ಸಂಜೆಯಲ್ಲಿ ಈ ಕೆಲಸಕ್ಕೆ ತೊಡಗುವವನ ಧೈರ್ಯವನ್ನು ಮೆಚ್ಚಬೇಕೇ ಹೊರತು ಅನುಸರಿಸಬಾರದು. 5.5ನೆಯ ಆವೃತ್ತಿಯಿಂದ ಥೀಮುಗಳು ತಾವಾಗಿಯೇ ಹೊಸತಾಗುವಂತೆ ಮಾಡುವ ಅನುಕೂಲವೂ ಬಂದಿದೆ. ನೋಡಿಕೊಳ್ಳುವವರೇ ಇಲ್ಲದ ತಾಣಕ್ಕೆ ಅದು ಇದ್ದರೆ ಮೇಲು. ಯಾರಾದರೂ ಇದ್ದಲ್ಲಿ, ಅವರು ಎಚ್ಚರವಾಗಿರುವಾಗ ನಡೆಯುವುದು ಮೇಲು.

ಸುಗ್ಗಿಯನ್ನು ಬಿಡಬೇಕೆನ್ನುವುದಕ್ಕೆ ಇನ್ನೊಂದು ಸೂಕ್ಷ್ಮವಾದ ಕಾರಣವಿದೆ. ಸೋಮವಾರ ಪ್ರತಿ ತೆಗೆದು, ಗುರುವಾರ ಥೀಮ್ ಬದಲಿಸಿ, ಅದು ಕೆಟ್ಟಿತೆಂದು ಸೋಮವಾರದ ಡೇಟಾಬೇಸನ್ನು ಮರಳಿ ಹೂಡಿದರೆ, ನಡುವಿನ ಮೂರು ದಿನಗಳಲ್ಲಿ ಬಂದ ಬೇಡಿಕೆಗಳೆಲ್ಲ ಅಳಿಸಿಹೋಗುತ್ತವೆ. ಹಣ ಕೊಟ್ಟ ಗಿರಾಕಿಯ ಹೆಸರೇ ಇಲ್ಲ! ಆದ್ದರಿಂದ ಪ್ರತಿ ತೆಗೆಯುವುದಕ್ಕೂ ಬದಲಿಸುವುದಕ್ಕೂ ನಡುವೆ ಒಂದು ಲೋಟ ಕಾಫಿಗಿಂತ ಹೆಚ್ಚಿನ ಅಂತರವಿರಬಾರದು. ಕೆಟ್ಟದ್ದು ಥೀಮ್ ಮಾತ್ರವಾಗಿದ್ದರೆ, ಥೀಮಿನ ಹಳೆಯ ಕಡತಗಳನ್ನು ಮಾತ್ರ ಮರಳಿಸಿದರೂ ಸಾಕಾಗುವುದುಂಟು.

ಇದುವರೆಗೆ ಹೇಳಿದ್ದು ಅದೇ ಥೀಮಿನ ಹೊಸ ಆವೃತ್ತಿಯ ಮಾತು. ಥೀಮನ್ನೇ ಬಿಟ್ಟು ಬೇರೊಂದಕ್ಕೆ ಹೋಗುವುದು ಹೆಂಚು ಕೈಯಾಡಿಸುವುದಲ್ಲ, ರಾಜಧಾನಿ ಬದಲಿಸುವುದು. ಈ ಸೀಮೆಗೆ ಅದರ ಅನುಭವ ಹಳೆಯದು. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಕೆಳದಿಯ ಅರಸರು ತಮ್ಮ ಗದ್ದುಗೆಯನ್ನು ಸಾಗಿಸಿದರು. 1763ರಲ್ಲಿ ಹೈದರಾಲಿ ಆ ಬಿದನೂರನ್ನು ಗೆದ್ದು ಹೆಸರು ಬದಲಿಸಿದ್ದರಿಂದಲೇ ಅದು ಇಂದು ಹೊಸನಗರ ತಾಲ್ಲೂಕಿನ ನಗರ. ಸ್ವಾರಸ್ಯವೇನೆಂದರೆ, ಟಂಕಸಾಲೆ ಬಿದನೂರಿಗೆ ಹೋದ ಮೇಲೂ ನಾಣ್ಯ ಇಕ್ಕೇರಿ ವರಹವೆಂಬ ಹೆಸರಿನಲ್ಲಿಯೇ ಚಲಾವಣೆಯಾಯಿತು. ಜನಕ್ಕೆ ನಂಬಿಕೆಯಿದ್ದುದು ಆ ಹೆಸರಿನಲ್ಲಿ. ವೆಬ್‌ಸೈಟಿಗೂ ಅಂಥ ಚಲಾವಣೆಯ ನಾಣ್ಯವೊಂದಿದೆ. ಅದು ಪುಟಗಳ ವಿಳಾಸ. ವರ್ಷಗಳ ಹಿಂದೆ ಬಂದುಹೋದ ಅತಿಥಿ ತನ್ನ ತಂಗಿಗೆ ಕಳುಹಿಸಿದ ವಿಳಾಸ, ಗೂಗಲ್ ನೆನಪಿಟ್ಟುಕೊಂಡ ವಿಳಾಸ, ಬಾಟಲಿಯ ಚೀಟಿಯ ಮೇಲೆ ಅಚ್ಚಾದ ವಿಳಾಸ. ಹೊಸ ಹೊದಿಕೆಯ ಉತ್ಸಾಹದಲ್ಲಿ ಅವನ್ನು ಬದಲಿಸಬಾರದು. ಬದಲಿಸಲೇಬೇಕಾದರೆ ಹಳೆಯದನ್ನು ತಟ್ಟಿದವನು ಹೊಸದಕ್ಕೆ ತಾನಾಗಿ ತಲುಪುವಂತೆ ಏರ್ಪಡಿಸಬೇಕು.

ಅಂಗಡಿಯಲ್ಲಿ ತೂಗುಹಾಕಿದ ಥೀಮುಗಳ ಚಿತ್ರಗಳನ್ನು ನೋಡಿ ಮರುಳಾಗುವವರಿಗೆ ಒಂದು ಮಾತು. ಆ ಹಿಮದ ಬೆಟ್ಟ, ಆ ಮೂರು ಪದದ ಇಂಗ್ಲಿಷ್ ತಲೆಬರಹ ಥೀಮಿನೊಡನೆ ಬರುವುದಿಲ್ಲ, ಅಂದವೆಲ್ಲ ಛಾಯಾಗ್ರಾಹಕನದು. ಅಲ್ಲಿ ಮನೆಯ ಜಗಲಿಯನ್ನೂ ‘ಮುರುಗಲು ಹಣ್ಣಿನ ಪಾನಕದ ಸಾರ’ ಎಂಬ ಉದ್ದದ ಹೆಸರನ್ನೂ ಇಟ್ಟು ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಇನ್ನು, ಬೆಲೆಯುಳ್ಳ ಥೀಮನ್ನು ಪುಕ್ಕಟೆ ಕೊಡುತ್ತೇವೆಂದು ಕರೆಯುವವರ ಕದ್ದ ಪ್ರತಿಯೊಳಗೆ ಅನೇಕ ವೇಳೆ ಕಳ್ಳನೂ ಕುಳಿತೇ ಬಂದಿರುತ್ತಾನೆ. ಅದನ್ನು ಮುಟ್ಟಲೇಬಾರದು.

ಪ್ರತಿಯನ್ನೇ ಇಡದೆ ಎಲ್ಲವನ್ನೂ ಕಳೆದುಕೊಂಡವರಿಗೆ ದಾರಿಯೇ ಇಲ್ಲವೆಂದಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿ ನಿಂತಾಗ, ಮಡೇನೂರಿನ ಬಳಿಯ ಹಳೆಯ ಹಿರೇಭಾಸ್ಕರ ಅಣೆಕಟ್ಟು ಆ ನೀರಿನೊಳಗೇ ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಜನ ಹೋಗಿ ನೋಡಿ ಬರುತ್ತಾರೆ. ಹಾಗೆಯೇ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಲೋಕದ ವೆಬ್‌ಪುಟಗಳ ಪ್ರತಿಗಳನ್ನು ಕೂಡಿಡುತ್ತಿದೆ. ಅದರ ವೇಬ್ಯಾಕ್ ಮೆಷೀನಿನಲ್ಲಿ ಹುಡುಕಿದರೆ ಮುಳುಗಿದ ತಾಣದ ಕೆಲವು ಪುಟಗಳು ಕಂಡಾವು. ಕಂಡದ್ದನ್ನು ನೋಡಿ ಮತ್ತೆ ಬರೆದುಕೊಳ್ಳಬಹುದೇ ಹೊರತು ಅದರಲ್ಲಿ ಹೋಗಿ ವಾಸಿಸಲಾಗದು. ಗಿರಾಕಿಗಳ ಬೇಡಿಕೆಯ ಲೆಕ್ಕವಂತೂ ಅಲ್ಲಿ ಇರುವುದೇ ಇಲ್ಲ.

ಎಲ್ಲ ಸುಗಮವಾಗಿ ನಡೆದು ಹೊಸ ಹೊದಿಕೆ ಬಂತೆನ್ನೋಣ. ಬದಲಿಸಿದವನ ಕಂಪ್ಯೂಟರು ಕ್ಯಾಶೆಯಲ್ಲಿಟ್ಟುಕೊಂಡ ಹಳೆಯ ಪುಟವನ್ನೇ ತೋರಿಸಿ ಅವನನ್ನು ವಂಚಿಸಬಹುದು; ಅದನ್ನು ತೆರವು ಮಾಡಿ, ಬೇರೊಬ್ಬರ ಮೊಬೈಲಿನಲ್ಲಿ, ಮನೆಯ ವೈಫೈ ಇಲ್ಲದೆ ನೋಡಬೇಕು. ಕಣ್ಣಿಗೆ ಕಾಣುವ ಕೇಡು ಅಷ್ಟೇನೂ ಭಯಂಕರವಲ್ಲ. ಚಿತ್ರ ಓರೆಯಾದರೆ ಯಾರಾದರೂ ಹೇಳುತ್ತಾರೆ. ಕಾಣದ ಕೇಡೆಂದರೆ, ‘ಕಳುಹಿಸಿ’ ಎಂಬ ಗುಂಡಿ ಒತ್ತಿಸಿಕೊಂಡು, ‘ಧನ್ಯವಾದ’ ಎಂದು ನಗುತ್ತ, ಪತ್ರವನ್ನು ಎಲ್ಲಿಗೂ ಕಳುಹಿಸದೆ ಇರುವುದು. ಗಿರಾಕಿ ಎರಡು ದಿನ ಕಾಯುತ್ತಾನೆ, ಮಲೆನಾಡಿನವರಿಗೆ ಸೊಕ್ಕೆಂದುಕೊಳ್ಳುತ್ತಾನೆ, ಬೇರೆಡೆಗೆ ಹೋಗುತ್ತಾನೆ. ಮನೆಯವರು ಈ ವರ್ಷ ವ್ಯಾಪಾರ ಇಳಿಯಿತೆಂದುಕೊಳ್ಳುತ್ತಾರೆ. ಇಬ್ಬರಿಗೂ ತಪ್ಪು ತಿಳಿಯುವುದಿಲ್ಲ.

ಆದುದರಿಂದ ಬದಲಿಸಿದ ದಿನವೇ ಮನೆಯವರಲ್ಲಿ ಒಬ್ಬರು ಗಿರಾಕಿಯಾಗಬೇಕು. ಈ ಪಾತ್ರಕ್ಕೆ ಮನೆಯ ಅತ್ತೆಯಷ್ಟು ತಕ್ಕವರಿಲ್ಲ. ಕನ್ನಡಕ ಏರಿಸಿಕೊಂಡು, ಜಗಲಿಯಲ್ಲಿ ಸಿಗ್ನಲ್ ಸಿಗುವ ಮೂಲೆಯಲ್ಲಿ ಕುಳಿತು, ತಮ್ಮದೇ ಮೊಬೈಲಿನಲ್ಲಿ ಅವರು ತಾಣವನ್ನು ತೆರೆಯಲಿ. ಒತ್ತುಗಳೆಲ್ಲ ಸರಿಯಾಗಿವೆಯೆ ಎಂದು ಓದಲಿ. ತಮ್ಮದೇ ಕೈಯ ಉಪ್ಪಿನಕಾಯಿಯನ್ನು ಅರ್ಧ ಕಿಲೋ ತರಿಸಿಕೊಳ್ಳಲಿ, ಹಣವನ್ನೂ ಕೊಡಲಿ. ಒಳಗಿನಿಂದ ಸೊಸೆ, “ಬೇಡಿಕೆ ಬಂತು ಅತ್ತೆ, ಪಿನ್‌ಕೋಡಿನಲ್ಲಿ ಒಂದು ಅಂಕೆ ಕಡಿಮೆ ಬರೆದಿದ್ದೀರಿ” ಎಂದು ಕೂಗಿದರೆ ಕೆಲಸ ಮುಗಿಯಿತು.